ಮಾನವಂತ ಡಿವಿಡಿ ಪ್ಲೇಯರ್

ಅಂಗಡಿಯವರು ಬೇಡದ್ದನ್ನೆಲ್ಲ ನಮಗೆ ಹೇಗೆ ಬೇಕೆನ್ನಿಸುತ್ತಾರೆ ಎಂದು ನಾನು ಶಹಾಬಾದಿನ ನಮ್ಮ ವಾರಪತ್ರಿಕೆಯಲ್ಲಿ ಉರಿದುಬಿದ್ದು ಬರೆದ ಅಂಕಣ ಮಂಗಳವಾರ ಅಚ್ಚಾಯಿತು. ಬುಧವಾರ ನನ್ನ ಧರ್ಮಪತ್ನಿ ಶಿವಕಾಂತಮ್ಮ ಅದೇ ಅಂಕಣದ ಮೇಲೆ ರೊಟ್ಟಿ ಆರಹಾಕುತ್ತ, "ನಮ್ಮ ಮನಿಗೊಂದು ಡಿವಿಡಿ ಬೇಕ್ರಿ" ಎಂದಳು. (ನನ್ನ ಬರಹದ ಪ್ರಭಾವ ಅಂಥದ್ದು.)

ಸಿಟ್ಟು ಬಂತು. ಆದರೆ ಕಾರಣ ಗಟ್ಟಿಯಾಗಿತ್ತು. ಅವಳ ತಮ್ಮ ಅಂಬರೇಶನ ಮದುವೆಯ ಡಿಸ್ಕಿನಲ್ಲಿ ನನ್ನ ಅತ್ತೆ ಹಾಡಿದ್ದಾರೆ. ಅತ್ತೆ ತೀರಿಕೊಂಡು ವರ್ಷವಾಯಿತು. ಆ ದನಿ ಕೇಳಲು ಇವಳು ಪಕ್ಕದ ಸುನಿತಾಳ ಮನೆಗೆ ಹೋಗಬೇಕು. ಅತ್ತೆ ಒಂದು ಸಲ ಹಾಡಿ ಮುಗಿಸುವ ಹೊತ್ತಿಗೆ ಸರಿಯಾಗಿ ಸುನಿತಾಳ ಧಾರಾವಾಹಿ ಶುರು, ಇನ್ನೊಮ್ಮೆ ಹಾಕುವಂತಿಲ್ಲ.

"ನಮ್ಮವ್ವನ ದನಿ ಕೇಳಲಿಕ್ಕ ನಾ ಮಂದಿ ಬಾಗಿಲ ಕಾಯಬೇಕೇನ್ರಿ?"

ಸಿದ್ಧಾಂತ ಒದ್ದೆಯಾಯಿತು. ಪಕ್ಕದೂರು ವಾಡಿಯ ಗುಲಾಮ ದಸ್ತಗೀರನ ಅಂಗಡಿಗೆ ಹೋದೆವು. ಅಲ್ಲಿ ಎರಡು ಜಾತಿ. ಒಂದು ಊಟದ ಡಬ್ಬಿಯಷ್ಟು ಹಗುರಾದ ಚೈನಾ ಮಾಲು. ಇನ್ನೊಂದು ವಿಲಾಯತಿ ಕಂಪನಿಯದು, ಕರ್ರಗೆ, ಮಿರಿಮಿರಿ, ನಮ್ಮೂರ ಹಾಸುಗಲ್ಲಿನಷ್ಟು ಭಾರ. ಬೆಲೆ ನಾಲ್ಕು ಪಟ್ಟು.

"ನಾಕು ಪಟ್ಟು ಯಾಕಪಾ ದಸ್ತಗೀರ?"

"ಇದು ಖಾನದಾನಿ ಮಾಲ್ರಿ ಸಾಬಣ್ಣೋರೆ, ದೊಡ್ಡ ಮನೆತನದ್ದು. ಕಚರಾ ಡಿಸ್ಕ್ ಹಾಕಿದ್ರ ಮುಟ್ಟಂಗಿಲ್ಲ."

ನನ್ನ ಆತ್ಮಸಾಕ್ಷಿ ಎದ್ದು ನಿಂತಿತು. ಕೊಟ್ಟದ್ದನ್ನೆಲ್ಲ ನುಂಗುವ ಈ ಕಾಲದಲ್ಲಿ ಕಸವನ್ನು ಧಿಕ್ಕರಿಸುವ ಒಂದು ಯಂತ್ರ! ನನ್ನ ಒಡಹುಟ್ಟಿನಂತಿತ್ತು. (ಅದರ ಮಿಂಚಿಗೂ ನನ್ನ ನಿರ್ಧಾರಕ್ಕೂ ಏನೇನೂ ಸಂಬಂಧವಿಲ್ಲವೆಂದು ಓದುಗರು ನಂಬಬೇಕು.)

ಶಿವಕಾಂತಮ್ಮ ಮೊಣಕೈ ತಿವಿದಳು. "ಡಿಸ್ಕ್ ಚೀಲದಾಗ ತಂದೀನಿ. ಮೊದಲ ಹಾಕಿ ನೋಡ್ರಿ."

"ಸುಮ್ಮನಿರು. ಖಾನದಾನಿ ಮಾಲಿಗಿ ಪರೀಕ್ಷಾ ಮಾಡ್ತಾರೇನು?"

"ಹೆಣ್ಣ ನೋಡಲಿಕ್ಕ ಬಂದಾಗ ನನಗ ಹಾಡ ಹೇಳಿಸಿದ್ರಿ, ನಡದು ತೋರಸು ಅಂದ್ರಿ. ನಾ ಖಾನದಾನಿ ಇರಲಿಲ್ಲೇನು?"

ದಸ್ತಗೀರ ನಗು ತಡೆಯಲು ಗಾಜಿನ ಕಪಾಟು ಒರೆಸತೊಡಗಿದ. ನಾನು ದುಡ್ಡು ಎಣಿಸಿಬಿಟ್ಟೆ.

ಸಂಜೆ ಓಣಿಯ ಹೆಂಗಸರೆಲ್ಲ ನಮ್ಮ ಮನೆಯಲ್ಲಿ. ಯಂತ್ರ ಡಿಸ್ಕನ್ನು ನುಂಗಿತು, ಗೊಣಗಿತು, ಬಹಳ ಹೊತ್ತು ಆಲೋಚಿಸಿತು. ಕೊನೆಗೆ ಡಿಸ್ಕೇ ಇಲ್ಲವೆಂದು ಟಿವಿಯ ಮೇಲೆ ಇಂಗ್ಲಿಷಿನಲ್ಲಿ ಬರೆಯಿತು.

ಹೊರತೆಗೆದು ನೋಡಿದೆ. ಹೊಳೆಯುವ ಮೈಯ ಮೇಲೆ ಅಡ್ಡಡ್ಡ ಮೂರು ಗೆರೆ ವಿಭೂತಿ, ನಡುವೆ ಕುಂಕುಮ!

"ಅವ್ವಂದು ಮನ್ಯಾಗ ಒಂದೂ ಫೋಟೋ ಇಲ್ಲಲ್ರಿ. ತಿಥಿ ದಿನ ಇದನ್ನೇ ಜಗಲಿ ಮ್ಯಾಲಿಟ್ಟು ಪೂಜಿ ಮಾಡಿದ್ನಿ."

"ಹಚ್ಚೂದು ಹಚ್ಚಿದಿ, ಆ ಕಡಿ ಹಚ್ಚಬೇಕಿಲ್ಲ?"

"ಆ ಕಡಿ ಅಂಬರೇಶನ ಫೋಟೋ ಅಂಟಿಸ್ಯಾರ. ಜೀವಂತ ಇದ್ದಾಂವನ ತಿಥಿ ಮಾಡಲೇನು?"

ನಾನು ಬನಿಯನ್ನಿನಿಂದ ತಿಕ್ಕಿದೆ. ವಿಭೂತಿ ಹೋಯಿತು, ಗೀರು ಬಂದವು. ಯಂತ್ರ ಮತ್ತೆ ಮುಖ ತಿರುಗಿಸಿತು.

"ನಮ್ಮ ಚೈನಾ ಡಬ್ಬಿ ವಿಭೂತಿ ಸಮೇತ ಓಡಸ್ತಿತ್ತು ನೋಡಕ್ಕಾ" ಎಂದಳು ಸುನಿತಾ.

ಶಿವಕಾಂತಮ್ಮ ಜಗಳಕ್ಕೆ ಬರಲಿಲ್ಲ. ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಅವಳು ಬೈದಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ.

ಮರುದಿನವೇ ಹಾಸುಗಲ್ಲನ್ನು ವಾಡಿಗೆ ಹೊತ್ತೆ. ದಸ್ತಗೀರ ಸಜ್ಜನ, ಅದನ್ನಿಟ್ಟುಕೊಂಡು ಚೈನಾ ಡಬ್ಬಿ ಕೊಟ್ಟ, ಉಳಿದ ದುಡ್ಡನ್ನೂ ಕೊಟ್ಟ. ಸಂಜೆ ಓಣಿಯ ಹೆಂಗಸರು ಮತ್ತೆ ಸೇರಿದರು. ಡಬ್ಬಿ ಗೀರುಗಳನ್ನೆಲ್ಲ ಚಪ್ಪರಿಸಿ ನುಂಗಿತು. ಅತ್ತೆ ಟಿವಿಯಲ್ಲಿ ಎದ್ದು ಬಂದರು.

ನಾನು ಈ ಹಾಡು ಕೇಳಿಯೇ ಇರಲಿಲ್ಲ. (ಮದುವೆಯಲ್ಲಿ ಆ ಹೊತ್ತಿಗೆ ಹಂದರದ ಹೊರಗೆ ದುಂದುವೆಚ್ಚದ ವಿರುದ್ಧ ಮಾತಾಡುತ್ತಿದ್ದೆ.) ಸೋಬಾನ ಪದವಿರಬೇಕೆಂದು ಕೈಮುಗಿದು ಕುಳಿತೆ. ಅದು ಬೀಗರನ್ನು ಹಂಗಿಸುವ ಹಾಡು. ಅತ್ತೆ ಹೊಸ ಬೀಗರನ್ನು ಬಿಟ್ಟು ಹಳೆಯ ಅಳಿಯನನ್ನು ಹಿಡಿದಿದ್ದರು:

"ಊರಿಗೆಲ್ಲ ಬುದ್ಧಿ ಬರೆಯಾಂವ ನಮ್ಮಳಿಯ
ಉಪ್ಪು ತಾ ಅಂದರ ಸುಣ್ಣ ತಂದಾನ
ಸುಣ್ಣ ತಂದಾನ, ಸಾರಿಗಿ ಹಾಕ್ಯಾನ
ಉಂಡೋರಿಗಿ ಮತ್ತ ಬುದ್ಧಿ ಹೇಳ್ಯಾನ!"

ಓಣಿಯ ಹೆಂಗಸರೆಲ್ಲ ದನಿಗೂಡಿಸಿದರು. ಒಬ್ಬಳೂ ಒಂದು ಪದ ತಪ್ಪಲಿಲ್ಲ. ಸುನಿತಾಳ ಮನೆಯಲ್ಲಿ ಪಾಠ ಪಕ್ಕಾ ಆಗಿತ್ತು. ಶಿವಕಾಂತಮ್ಮ ಅಳುತ್ತಲೇ ನಗುತ್ತಿದ್ದಳು. ವರ್ಷದಿಂದ ಆ ನಗು ನೋಡಿರಲಿಲ್ಲ. "ನಮ್ಮವ್ವ ಹೆಂಗ ಹಾಡ್ತಾಳ ನೋಡ್ರಿ" ಎಂದು ರಿಮೋಟ್ ಒತ್ತಿ ಮತ್ತೆ ಮೊದಲಿನಿಂದ ಹಚ್ಚಿದಳು. ಬೇಡವೆನ್ನುವ ಧೈರ್ಯ ಯಾವ ಅಂಕಣಕಾರನಿಗಿದೆ?

ಆ ವಿಲಾಯತಿ ಯಂತ್ರಕ್ಕೆ ಅಷ್ಟು ಬೆಲೆ ಕೊಡಬಹುದೇ ಎಂದು ಓದುಗರು ಕೇಳಿದರೆ, ಕಣ್ಣುಮುಚ್ಚಿ ಕೊಡಿ ಎನ್ನುತ್ತೇನೆ. ಇಡೀ ಓಣಿಯಲ್ಲಿ ನನ್ನ ಮಾನ ಕಾಯಲು ಹಟ ಹಿಡಿದು ಬಾಯಿ ಮುಚ್ಚಿಕೊಂಡದ್ದು ಅದೊಂದೇ. ಅದನ್ನೇ ನಾನು ಹೆಗಲ ಮೇಲೆ ಹೊತ್ತು ವಾಪಸು ಕೊಟ್ಟುಬಂದೆ.