ಒಂದು ಚೂರು ಇಡ್ಲಿ, ಐನೂರು ಲೀಟರು ನೀರು

ಆ ಭಾನುವಾರವೂ ಎಂದಿನಂತೆ ಐದೂವರೆಗೆ ಎದ್ದೆ. ಬಚ್ಚಲಮನೆಗೆ ಹೋಗಿ ಮುಖ ತೊಳೆಯಲು ನಲ್ಲಿ ತಿರುಗಿಸಿದೆ. ಅದು 'ಗೊರ್' ಎಂದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮೋಟರು ಸುಟ್ಟು ವೈಂಡಿಂಗಿಗೆ ಹೋಗಿರುವುದು ಆಗ ನೆನಪಾಯಿತು. ಗೊಣಗುತ್ತಾ ಬಾಗಿಲೆಳೆದುಕೊಂಡು ಬಂದು, ಹಿತ್ತಿಲ ಹಂಡೆಯ ನೀರಿನಲ್ಲಿ ಮುಖ ತೊಳೆದೆ. ಹೊಸಿಲಿಗೆ ರಂಗೋಲಿ ಇಟ್ಟೆ. ಇಡ್ಲಿ ಬೇಯಲಿಟ್ಟೆ. ಒಂಬತ್ತನೇ ತರಗತಿಯ ಮಗಳು ಪಲ್ಲವಿ ಅಡುಗೆಕಟ್ಟೆಗೆ ಒರಗಿಕೊಂಡು 'ಕೆಲಸ, ಸಾಮರ್ಥ್ಯ ಮತ್ತು ಶಕ್ತಿ' ಪಾಠವನ್ನು ಪರೀಕ್ಷೆಗೆ ಉರುಹೊಡೆಯುತ್ತಿದ್ದಳು.

ನನ್ನ ತಲೆಯಲ್ಲಿ ಬೇರೆಯೇ ಪರೀಕ್ಷೆ! ಸಂಜೆ ನಾಲ್ಕಕ್ಕೆ ನಾದಿನಿ ಸವಿತಾಳನ್ನು ನೋಡಲು ನಾಗಮಂಗಲದ ಕಡೆಯಿಂದ ಗಂಡಿನವರು ಬರುವವರಿದ್ದರು. ನಾನು ಹಟ ಹಿಡಿದು ಹಾಲಿನ ಮೂಲೆಯಲ್ಲಿ ಹಾಕಿಸಿದ್ದ ವಾಷ್‌ಬೇಸಿನ್ನು ಪಾಂಡವಪುರದ ನಮ್ಮ ಬೀದಿಗೇ ಮೊದಲನೆಯದು. ಬರುವವರು ಅದರಲ್ಲಿಯೇ ಕೈ ತೊಳೆಯಬೇಕೆಂಬುದು ಸದ್ಯಕ್ಕೆ ನನ್ನ ಬಾಳಿನ ಪರಮ ಗುರಿ. ಆದರೆ ಮಾಳಿಗೆಯ ಟ್ಯಾಂಕು ಖಾಲಿ.

"ಅಂಡೇಲಿ ನೀರ್ ತುಂಬಿ ಅಂಗಳದಲ್ಲಿ ಮಡಗ್ಬುಡವ್ವ. ಚೊಂಬಲ್ಲಿ ತೊಳ್ಕತಾರೆ," ಎಂದರು ಅತ್ತೆ.

"ಬೇಡಿ ಅತ್ತೆ. ಸಂಪಿನಲ್ಲಿ ನೀರಿದೆ. ನಾನೇ ಹೊತ್ತು ಟ್ಯಾಂಕು ತುಂಬಿಸ್ತೀನಿ."

"ಐನೂರು ಲೀಟ್ರನ್ನಾ!"

ಕಾನ್ವೆಂಟಿನಲ್ಲಿ ಓದಿದವಳು ನಾನು, ಸಂಖ್ಯೆಗೆ ಹೆದರುವೆನೇ? ಮಗಳ ಪೆನ್ಸಿಲು ಕಸಿದುಕೊಂಡೆ. ಐನೂರು ಕಿಲೋ ನೀರು, ನಾಲ್ಕು ಮೀಟರು ಎತ್ತರ, ಗುರುತ್ವಕ್ಕೆ ಹತ್ತು. ಗುಣಿಸಿದರೆ ಇಪ್ಪತ್ತು ಸಾವಿರ ಜೌಲ್! ಸೊನ್ನೆಗಳನ್ನು ಎರಡೆರಡು ಸಲ ಎಣಿಸಿದೆ. ಆಮೇಲೆ ಬೀರುವಿನ ಬಾಗಿಲಿಗೆ ವಾರಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದ ಕ್ಯಾಲೊರಿ ಪಟ್ಟಿಯೊಂದಿಗೆ ಹೋಲಿಸಿ ನೋಡಿದೆ. ಒಂದು ಇಡ್ಲಿಯಲ್ಲಿ ಅದರ ಹತ್ತು ಪಟ್ಟು ಶಕ್ತಿ ಅಡಗಿ ಕೂತಿದೆ! ಅಂದರೆ ಇಡೀ ಟ್ಯಾಂಕು ತುಂಬಿಸಲು ಒಂದು ಚೂರು ಇಡ್ಲಿ ಸಾಕು. ಚಟ್ನಿ ಕೂಡ ಬೇಡ!

"ಮುದ್ದೆ ತಿನ್ಕಂಡು ಓಗವ್ವ," ಎಂದರು ಅತ್ತೆ.

"ಅರ್ಧ ಇಡ್ಲಿಯೇ ಹೆಚ್ಚಾಯ್ತು ಅತ್ತೆ. ಶಕ್ತಿ ನಾಶ ಆಗೋದಿಲ್ಲ."

"ಸೊಂಟ ಆಯ್ತದೆ ಕಣವ್ವ."

ಹದಿನೈದು ಲೀಟರಿನ ಕೊಡ, ಇಪ್ಪತ್ತೆರಡು ಮೆಟ್ಟಿಲು, ಮೂವತ್ತನಾಲ್ಕು ಸಲ. ಮೊದಲ ಕೊಡವನ್ನು ಹಾಡು ಗುನುಗುತ್ತಾ ಹೊತ್ತೆ. ಮೂರನೆಯದಕ್ಕೆ ಹಾಡು ನಿಂತಿತು. ಆರನೆಯದಕ್ಕೆ ನಾನೇ ನಿಂತೆ. ಹನ್ನೊಂದನೆಯ ಮೆಟ್ಟಿಲಿನ ಮೇಲೆ, ಸಿಮೆಂಟು ಹಸಿಯಿದ್ದಾಗ ಓಡಿಹೋದ ಅಳಿಲೊಂದರ ಪುಟ್ಟ ಹೆಜ್ಜೆಗಳಿವೆ. ಈ ಮನೆಗೆ ಬಂದು ಹದಿನಾರು ವರ್ಷವಾದರೂ ನಾನದನ್ನು ನೋಡಿರಲಿಲ್ಲ. ಅಂದು ಪ್ರತಿ ಸಲವೂ ಅಲ್ಲಿ ನಿಂತು ಕೂಲಂಕಷವಾಗಿ ಅಧ್ಯಯನ ಮಾಡಿದೆ!

"ಅಮ್ಮ, ಸಾಮರ್ಥ್ಯ ಅಂದ್ರೆ ಕೆಲಸ ಭಾಗಿಸು ಕಾಲ. ನಿಂದು ಕಡಿಮೆ ಆಗ್ತಾ ಇದೆ," ಎಂದಳು ಪಲ್ಲವಿ, ಕೆಳಗಿನಿಂದ.

"ಓದಿದ್ದು ಸಾಕು. ಒಳಗೆ ನಡಿ!"

ಹತ್ತನೆಯ ಕೊಡದ ಹೊತ್ತಿಗೆ ಹೊಸ ಜ್ಞಾನೋದಯವಾಯಿತು. ದಾರಿ ಯಾವುದಾದರೇನು, ಎತ್ತರ ಒಂದೇ ಆದರೆ ಕೆಲಸವೂ ಒಂದೇ. ಹಾಗಿದ್ದಮೇಲೆ ಮೆಟ್ಟಿಲೇಕೆ? ಬಕೆಟ್ಟಿಗೆ ಹಗ್ಗ ಕಟ್ಟಿ, ಮಾಳಿಗೆಯ ಮೇಲೆ ನಿಂತು ಎಳೆದೆ. ಬಕೆಟ್ಟು ಜಾಣೆಯಂತೆ ಮೇಲೇರಿತು. ಏರಿ, ಕಿಟಕಿಯ ಸಜ್ಜಾಕ್ಕೆ ಬಡಿಯಿತು. ಬಡಿದು ಮಗುಚಿತು. ಅದೇ ಕ್ಷಣಕ್ಕೆ ಸರಿಯಾಗಿ ನಮ್ಮ ಯಜಮಾನರು, ಮೋಟರು ಇನ್ನೂ ಆಗಿಲ್ಲವೆಂಬ ಸುದ್ದಿ ಹೊತ್ತು ಕೆಳಗೆ ಬಂದು ನಿಂತಿದ್ದರು!

"ಅಪ್ಪ, ಪ್ರಚ್ಛನ್ನ ಶಕ್ತಿ ಚಲನ ಶಕ್ತಿ ಆಯ್ತು!" ಎಂದು ಪಲ್ಲವಿ ಚಪ್ಪಾಳೆ ತಟ್ಟಿದಳು.

"ಇದ್ದಿದ್ದೇ ಒಂದು ಇಸ್ತ್ರಿ ಶರ್ಟು ಕಣೇ," ಎಂದರು ಅವರು, ಮೀಸೆಯಿಂದ ನೀರು ತೊಟ್ಟಿಕ್ಕಿಸುತ್ತಾ.

ಮತ್ತೆ ಮೆಟ್ಟಿಲೇ ಗತಿ. ಅಷ್ಟರಲ್ಲಿ ಆ ಒಂದು ಚೂರು ಇಡ್ಲಿಯ ಹಿಂದೆ ಆರು ಇಡ್ಲಿ, ಒಂದು ಮುದ್ದೆ, ಎರಡು ಲೋಟ ಮಜ್ಜಿಗೆ ನನ್ನೊಳಗೆ ಹೋಗಿದ್ದವು. ಮುದ್ದೆ ನುಂಗುವಾಗ ಅತ್ತೆ ಇನ್ನೊಂದು ಸೌಟು ಸಾರು ಬಡಿಸಿದರು. ಅವರು ನಕ್ಕಿದ್ದರೇ ವಾಸಿಯಿತ್ತು! ಕರಿ ಟ್ಯಾಂಕಿನೊಳಗೆ ಗವ್ವೆನ್ನುವ ಕತ್ತಲೆ. ಇಣುಕಿದರೂ ಏನೂ ಕಾಣದು. ಸುರಿದೆ, ಸುರಿದೆ, ಸುರಿಯುತ್ತಲೇ ಇದ್ದೆ.

ಮೂರೂವರೆಗೆ ಮೂವತ್ತನಾಲ್ಕನೆಯ ಕೊಡ ಮುಗಿಯಿತು. ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಉದ್ಘಾಟನೆಗೆ ಬಂದವಳಂತೆ ಸೆರಗು ಸರಿಮಾಡಿಕೊಂಡು ವಾಷ್‌ಬೇಸಿನ್ನಿನ ನಲ್ಲಿ ತಿರುಗಿಸಿದೆ.

'ಉಸ್ಸ್...'

ಅಷ್ಟೇ. ಒಂದು ಹನಿಯೂ ಇಲ್ಲ! ಅತ್ತೆ ಏನನ್ನೋ ಹುಡುಕುತ್ತಾ ಹಿತ್ತಿಲಿಗೆ ಹೋದರು. ಅಲ್ಲಿಂದಲೇ ಕೂಗಿದರು: "ಬಾಳೇಬುಡಕ್ಕೆ ಯಾರವ್ವ ಇಷ್ಟೊಂದು ನೀರ್ ಬುಟ್ಟೋರು? ಎಮ್ಮೆ ಮೀಸ್ಬೋದು!"

ಬಚ್ಚಲ ನೀರು ಹೋಗುವುದು ಬಾಳೆಯ ಬುಡಕ್ಕೆ. ನನಗೆ ಬೆಳಗಿನ 'ಗೊರ್' ನೆನಪಾಯಿತು. ಬಚ್ಚಲಮನೆಯ ಬಾಗಿಲು ತೆರೆದೆ. ನಾನು ತಿರುಗಿಸಿ ಹಾಗೆಯೇ ಬಿಟ್ಟುಬಂದಿದ್ದ ನಲ್ಲಿ, ನನ್ನ ಕೊನೆಯ ಕೊಡದ ಕೊನೆಯ ಹನಿಗಳನ್ನು ನೆಮ್ಮದಿಯಾಗಿ ತೊಟ್ಟಿಕ್ಕಿಸುತ್ತಿತ್ತು.

"ಅತ್ತಿಗೆ, ಈಗ ಅವ್ರು ಕೈ ಎಲ್ಲಿ ತೊಳೀಬೇಕು?" ಸವಿತಾಳ ಕಣ್ಣಲ್ಲಿ ನೀರಿತ್ತು. ಮನೆಯಲ್ಲಿ ನೀರು ಬರುತ್ತಿದ್ದದ್ದು ಅಲ್ಲೊಂದೇ!

ಅತ್ತೆ ಹಂಡೆಯನ್ನು ಅಂಗಳಕ್ಕೆ ಎಳೆದರು. ಗಂಡಿನವರು ನೇರ ಅದರ ಹತ್ತಿರವೇ ಹೋದರು. "ಇಂಗೆ ಕಾಲ್ಗೆ ತಣ್ಣೀರ್ ಉಯ್ಕಂಡ್ರೇನೇ ನೆಂಟ್ರ ಮನೆಗ್ ಬಂದಂಗಾಗೋದು," ಎಂದರು ಹುಡುಗನ ತಾಯಿ. ಸವಿತಾಳನ್ನು ಒಪ್ಪಿಯೂಬಿಟ್ಟರು. ನನ್ನ ವಾಷ್‌ಬೇಸಿನ್ನೂ ವ್ಯರ್ಥವಾಗಲಿಲ್ಲ. ಹುಡುಗನ ಸೋದರಮಾವ ತಮ್ಮ ಕೈಚೀಲವನ್ನು ಅದರೊಳಗೆ ಇಟ್ಟಿದ್ದರು!

ಅವರನ್ನು ಬೀಳ್ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕುತ್ತಾ ಜಗುಲಿಯಲ್ಲಿ ಕುಳಿತೆ. ಪಕ್ಕದ ಮನೆಯ ರತ್ನಮ್ಮ, ಬಡಗಿ ಆಚಾರ್ರ ಹೆಂಡತಿ, ಕಾಂಪೌಂಡಿನಾಚೆ ಅವರೆಕಾಯಿ ಸುಲಿಯುತ್ತಿದ್ದಳು. ಬೆಳಗಿನಿಂದ ನನ್ನ ಸಾಹಸವನ್ನೆಲ್ಲ ಕಂಡವಳು. ಅವಳಿಗೆ ಜೌಲಿನಿಂದ ಹಿಡಿದು ಇಡ್ಲಿಯವರೆಗೆ ಎಲ್ಲವನ್ನೂ ವಿವರಿಸಿದೆ.

"ನಲ್ಲಿ ಬಿಟ್ಟಿದ್ದು ನನ್ನ ತಪ್ಪು, ಒಪ್ಪಿದೆ. ಆದ್ರೆ ಲೆಕ್ಕದಲ್ಲಿ ತಪ್ಪಿಲ್ಲ ರತ್ನಮ್ಮ. ಚೂರು ಇಡ್ಲಿ ಸಾಕಾಗಬೇಕಿತ್ತು. ಇಷ್ಟು ಸುಸ್ತು ಯಾಕೆ ಅಂತಲೇ ತಿಳೀತಿಲ್ಲ."

ಅವಳು ಸಿಪ್ಪೆ ಕೊಡವಿ ಎದ್ದಳು.

"ನಂಗೇನ್ ಗೊತ್ತಕ್ಕ. ಒಂದೊಂದ್ ಕೊಡ ನೀರ್ ಮ್ಯಾಕೋಗುವಾಗ್ಲೂ ಜೊತೇಲಿ ನೀವೂ ಓಯ್ತಿದ್ರಲ್ಲ, ನಾಕ್ ಕೊಡದಷ್ಟು! ನಿಮ್ಮನ್ನ ಲೆಕ್ಕಕ್ಕೆ ತಕ್ಕಂಡಿಲ್ವಾ?"