ತುಂಬಿದ ಸಭೆ

ತುಮಕೂರಿನಿಂದ ದೇವಕುಮಾರ ಅಯ್ಯನವರು ಫೋನು ಮಾಡಿ ಬುಧವಾರ ಬರಬಹುದೇ ಎಂದು ಕೇಳಿದಾಗ ಸುಗುಣಾಕರ ಹಿಂದುಮುಂದು ನೋಡದೆ ಬನ್ನಿ ಎಂದುಬಿಟ್ಟ. ಹೆಬ್ಬೂರಿನ ಪುಟ್ಟ ಚರ್ಚಿಗೆ ಅವನು ಉಪದೇಶಿ. ಎಂದರೆ ದೀಕ್ಷೆ ಪಡೆದ ಪಾದ್ರಿಯಲ್ಲ. ಪಾದ್ರಿಗಳಿಲ್ಲದ ಕಡೆ ಆರಾಧನೆ ನಡೆಸಿ, ಕಾಯಿಲೆ ಬಿದ್ದು ಮಲಗಿದವರನ್ನು ವಿಚಾರಿಸಿಕೊಂಡು ಇರುವವನು. ಅಂಥ ಉಪದೇಶಿಗಳಿಗೆಲ್ಲ ಮೇಲಿನವರು ಅಯ್ಯನವರು. ತುಮಕೂರಿಗೆ ಈಚೆಗಷ್ಟೇ ಬಂದಿದ್ದರು. ಅವರ ಜೊತೆ ಇಂಗ್ಲೆಂಡಿನ ಮಿಷನ್ನಿನಿಂದ ಹೆಲೆನ್ ಎಂಬ ಹಿರಿಯ ಹೆಂಗಸೂ ಬರುವವರಿದ್ದರು.

ಬುಧವಾರ ಬೆಳಗ್ಗೆ ಅವನು ಗಂಟೆಯ ಹಗ್ಗಕ್ಕೆ ಕೈ ಹಾಕಿದಾಗ ಹೆಂಡತಿ ಪ್ರೇಮಲತಾ ಅಂಗಳ ಗುಡಿಸುವುದನ್ನು ನಿಲ್ಲಿಸಿ ನೋಡಿದಳು.

"ಯಾರಿಗ್ರೀ ಗಂಟೆ ಹೊಡೀತಿದೀರ? ಎಲ್ಲಾ ಮದ್ವೆಗೆ ಅಂತ ಕುಣಿಗಲ್ ಬಸ್ ಹತ್ತಾಯ್ತಲ್ಲ."

ಸುಗುಣಾಕರನ ಕೈಲಿದ್ದ ಹಗ್ಗ ಹಾವಾಯಿತು. ಚರ್ಚಿಗೆ ಸೇರಿದ ಸಭೆಯೆಂದರೆ ಇದ್ದದ್ದೇ ನಾಲ್ಕಾರು ಮನೆ, ಎಲ್ಲರೂ ಒಬ್ಬರಿಗೊಬ್ಬರು ನೆಂಟರು. ಒಂದು ಮದುವೆಯಾದರೆ ಇಡೀ ಸಭೆಯೇ ಖಾಲಿ. ಹೋದ ಭಾನುವಾರ ಮದುಮಕ್ಕಳಿಗಾಗಿ ಪ್ರಾರ್ಥನೆ ಮಾಡಿದವನೂ ಅವನೇ.

ಅಯ್ಯನವರಿಗೆ ಫೋನು ಮಾಡಿದ. ಕಾರು ಆಗಲೇ ತುಮಕೂರು ಬಿಟ್ಟಿತ್ತು. ಜನ ಕಮ್ಮಿಯಿರುವ ಸಭೆಗಳನ್ನು ಮುಚ್ಚಿ ಉಪದೇಶಿಗಳನ್ನು ದೂರದೂರಿಗೆ ಹಾಕುತ್ತಾರಂತೆ ಎಂಬ ಸುದ್ದಿ ಕೆಲವು ದಿನಗಳಿಂದ ಅವನ ನಿದ್ದೆ ಕೆಡಿಸಿತ್ತು. ಹೆಬ್ಬೂರು ಬಿಡುವುದೆಂದರೆ ಅವನಿಗೆ ಹಲ್ಲು ಕಿತ್ತ ಹಾಗೆ. ಪ್ರೇಮಲತಾಳ ಎರಡು ಸೀಮೆಹಸು, ಹಿತ್ತಿಲ ನುಗ್ಗೆಮರ, ಕರೆದರೆ ಓಡಿಬರುವ ಬೀದಿ, ಇವನ್ನೆಲ್ಲ ಬಿಟ್ಟು ಎಲ್ಲಿಗೆ ಹೋಗುವುದು? ಖಾಲಿ ಬೆಂಚುಗಳನ್ನು ನೋಡಿದರೆ ಇಂದೇ ಬೀಗ ಹಾಕಿಸಿಬಿಡುತ್ತಾರೆ ಎಂದು ಹೆಂಡತಿಯ ಮುಂದೆ ಅಲವತ್ತುಕೊಂಡ.

ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದ ಸಿದ್ದಗಂಗಮ್ಮನ ಕಿವಿಗೆ ಇಷ್ಟು ಬೀಳದೆ ಇರುತ್ತದೆಯೇ? ಎದುರುಮನೆಯ ಈಕೆಗೆ ಬೀದಿಯ ಕಷ್ಟವೆಲ್ಲ ಸ್ವಂತದ್ದು.

"ಜನ ತಾನೆ ಬೇಕಾಗಿರೋದು? ಬುಡು ಪಾದ್ರಪ್ಪ, ನಾ ಕರ್ಕೊಂಡ್ ಬತ್ತೀನಿ. ನಮ್ಮತ್ತೆ ಆಸ್ಪತ್ರೇಲಿದ್ದಾಗ ನೀನು ಬಂದು ಕೂತಿರ್ಲಿಲ್ವಾ? ಇವತ್ತು ನಾವು ಬಂದು ಕೂತ್ಕೋತೀವಿ."

ಬೇಡ ಅನ್ನಬೇಕೆಂದು ಸುಗುಣಾಕರ ಬಾಯಿ ತೆರೆದ. ಬೇಡ ಅನ್ನಲಿಲ್ಲ.

ಆಕೆ ಹೊರಟ ರಭಸಕ್ಕೆ ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಹಿಂದಿನ ಸಾಲಿಗೆ ನಾಲ್ಕು ಜನ ಸಾಕು ಎಂದುಕೊಂಡಿದ್ದವನ ಮುಂದೆ ರೇಷ್ಮೆ ಸೀರೆಗಳ ಮೆರವಣಿಗೆಯೇ ಬಂತು. ಬೆಂಚು ಸಾಲದೆ ಶಾಮಿಯಾನ ಅಂಗಡಿಯ ಏಜಾಜ್ ಅಹಮದರಿಗೆ ಹೇಳಿ ಕಳಿಸಿದರು. ಅವರು ಕುರ್ಚಿ ತಂದವರು, ಹೊಸ ಕುರ್ಚಿಗಳ ಕಾಲು ಮುರಿದಾವೆಂದು ಕಾಯಲು ತಾವೂ ಒಂದರಲ್ಲಿ ಕೂತರು. ಗುಡಿಯಲ್ಲಿ ಭಜನೆ ನಡೆಸುವ ರಾಮಾಂಜಿನಯ್ಯ ತನ್ನ ಶನಿವಾರದ ಮೇಳವನ್ನು ತಾಳ, ಕಂಜಿರದ ಸಮೇತ ಕರೆತಂದ. ಚರ್ಚು ಜಾತ್ರೆ ಬಸ್ಸಿನಂತೆ ತುಂಬಿಕೊಂಡಿತು.

ಆಗ ಕಾರು ಬಂತು. ಬಾಗಿಲಲ್ಲಿ ನಿಂತ ಅಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಆರಾಧನೆ ಶುರುವಾಯಿತು. ಸುಗುಣಾಕರ ಜನಕ್ಕೆ ಬಾಯಿ ತಿರುಗಲೆಂದು ಒಂದೇ ಸಾಲಿನ ಕೀರ್ತನೆ ಹಿಡಿದ. ಸಾಲು ಸಿಕ್ಕಿದ್ದೇ ತಡ, ರಾಮಾಂಜಿನಯ್ಯ ಅದನ್ನು ಕಸಿದುಕೊಂಡ. ಒಂದನೇ ಕಾಲ, ಎರಡನೇ ಕಾಲ, ಕೊನೆಗೆ ಕಂಜಿರವೇ ಹರಿದೀತು ಅನ್ನುವಷ್ಟು ಜೋರು. ಉಪದೇಶಿ ಕೈಯೆತ್ತಿದರೆ ಮೇಳದವರು ಅದನ್ನು ಇನ್ನೂ ಎತ್ತರದ ಶ್ರುತಿಗೆ ಸನ್ನೆಯೆಂದುಕೊಂಡರು. ಹೆಲೆನ್ ಅಮ್ಮ ಚಪ್ಪಾಳೆ ತಟ್ಟುತ್ತ ಕಣ್ಣು ಒರೆಸಿಕೊಂಡರು. ಸುಗುಣಾಕರ ಮಾತ್ರ ಬಿಸಿ ಮುದ್ದೆ ಬಾಯಿಗಿಟ್ಟವನಂತೆ ನುಂಗಲೂ ಆರದೆ ಉಗುಳಲೂ ಆರದೆ ನಿಂತಿದ್ದ.

ಆರಾಧನೆ ಮುಗಿದ ಮೇಲೆ ಹೆಲೆನ್ ಅಮ್ಮ ಜನರನ್ನು ಮಾತಾಡಿಸಬೇಕೆಂದರು. ಅಯ್ಯನವರೇ ದುಭಾಷಿ. ಈ ಚರ್ಚನ್ನು ಎಷ್ಟು ಕಾಲದಿಂದ ಬಲ್ಲಿರಿ ಎಂದು ಸಿದ್ದಗಂಗಮ್ಮನನ್ನು ಕೇಳಿದರು.

"ಸೊಸೆಯಾಗಿ ಬಂದಾಗಿಂದ ದಿನಾ ಇದ್ರ ಮುಖ ನೋಡ್ಕೊಂಡೇ ಏಳೋದು ಕಣವ್ವಾ," ಎಂದಳು ಆಕೆ. ಅವಳ ಬಾಗಿಲು ಚರ್ಚಿಗೆ ಎದುರಾಗಿದ್ದರಿಂದ ಅದು ಸತ್ಯವೇ.

ಸಭೆಗೆ ನಿಮ್ಮ ಸೇವೆ ಏನು ಎಂದು ಏಜಾಜ್ ಅಹಮದರನ್ನು ಕೇಳಿದರು.

"ಈ ಚೇರೆಲ್ಲ ನಮ್ದೇ ಸಾರ್," ಎಂದರು ಅವರು ವಿನಯದಿಂದ.

ಇಂಥ ದಾನಿಯನ್ನು ಎಲ್ಲೂ ಕಂಡಿಲ್ಲವೆಂದು ಹೆಲೆನ್ ಅಮ್ಮ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಯಾರೂ ಒಂದು ಸುಳ್ಳು ಹೇಳಿರಲಿಲ್ಲ. ಅದೇ ಸುಗುಣಾಕರನ ಕುತ್ತಿಗೆಗೆ ಬಂದಿತ್ತು.

ಕಾಫಿ ಕುಡಿಯುತ್ತ ಅಯ್ಯನವರು ಅವನನ್ನು ನುಗ್ಗೆಮರದ ನೆರಳಿಗೆ ಕರೆದರು. ಸಭೆ ಮುಚ್ಚುವ ಸುದ್ದಿ ಬರೀ ಗಾಳಿಮಾತು ಎಂದರು. ಇಲ್ಲಿರುವುದು ನಾಲ್ಕಾರು ಮನೆ, ಅದಕ್ಕೆ ಉಪದೇಶಿಯೇ ಸಾಕು, ನಿಮ್ಮನ್ನು ಇಲ್ಲೇ ಮುಂದುವರಿಸುತ್ತೇವೆ ಎಂದು ಹೇಳುವುದಕ್ಕೇ ಬಂದದ್ದಂತೆ.

"ಆದ್ರೆ ಇಷ್ಟು ಜನಕ್ಕೆ ಉಪದೇಶಿ ಸಾಕಾಗಲ್ಲ ಸುಗುಣಾಕರ್. ದೀಕ್ಷೆ ಆದ ಪಾದ್ರಿನೇ ಕಳಿಸ್ಬೇಕು. ನಿಮ್ಮನ್ನ ಹಾಗಲವಾಡಿಗೆ ಹಾಕ್ತೀವಿ. ಅಲ್ಲಿ ಈಗ ಒಂದೇ ಮನೆ ಇದೆ."

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಸುಗುಣಾಕರ ಎಲ್ಲವನ್ನೂ ಒದರಿಬಿಟ್ಟ. ಇವರಲ್ಲಿ ಒಬ್ಬರೂ ನಮ್ಮ ಸಭೆಯವರಲ್ಲ, ಅಕ್ಕಪಕ್ಕದವರು, ನನ್ನ ಕಷ್ಟ ನೋಡಲಾರದೆ ಬಂದು ಕೂತವರು, ಕುರ್ಚಿ ಸಾಹೇಬರ ಅಂಗಡಿಯದು ಎಂದ. ಬೈಗುಳಕ್ಕೆ ತಲೆತಗ್ಗಿಸಿ ನಿಂತ. ಬೈದರೆ ಬೈಯಲಿ, ನಾಲ್ಕಾರು ಮನೆಯ ಸಭೆ ತನಗೇ ಉಳಿದರೆ ಸಾಕು.

ಅಯ್ಯನವರು ಹೆಲೆನ್ ಅಮ್ಮನನ್ನೂ ಅಲ್ಲಿಗೆ ಕರೆದು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಆಕೆ ಮೆಲ್ಲಗೆ ಏನೋ ಹೇಳಿದರು. ಅಯ್ಯನವರು ಉಪದೇಶಿಯ ಹೆಗಲ ಮೇಲೆ ಕೈಯಿಟ್ಟರು.

"ಅಮ್ಮ ಹೇಳ್ತಿದಾರೆ, ಸಭೆಯವರಲ್ಲದೋರೇ ಇವರಿಗೋಸ್ಕರ ಹೀಗೆ ಓಡಿಬರ್ತಾರೆ ಅಂದ್ರೆ, ಇಂಥೋರನ್ನ ಈ ಮೂಲೇಲಿ ಇಟ್ಕೊಳ್ಳೋದು ತಪ್ಪು ಅಂತ. ಹಾಗಲವಾಡಿಲಿ ಜನ ಸೇರಿಸೋಕೆ ನೀವೇ ಸರಿ. ಮುಂದಿನ ವಾರಾನೇ ಹೊರಡಿ."

ಸಂಜೆ ಕುಣಿಗಲ್ಲಿನಿಂದ ಹೂವಿನ ವಾಸನೆ ಹೊತ್ತು ಬಸ್ಸಿಳಿದ ಸಭೆಯವರಿಗೆ ತಮ್ಮ ಉಪದೇಶಿ ಎತ್ತಂಗಡಿಯಾದದ್ದು ಗೊತ್ತಾಯಿತು. ಹೆಂಗಸರು ಅತ್ತರು. ಎಲ್ಲರಿಗಿಂತ ಜೋರಾಗಿ ಸಿದ್ದಗಂಗಮ್ಮ ಅತ್ತಳು.

ಹೊರಡುವ ದಿನ ಸಾಮಾನು ಸಾಗಿಸಲು ಏಜಾಜ್ ಅಹಮದ್ ತಮ್ಮ ಟೆಂಪೊವನ್ನೇ ತಂದರು. ಹಸುಗಳನ್ನು ಹತ್ತಿಸಲು ಇಡೀ ಬೀದಿ ಸೇರಿತು. ಹಗ್ಗ ಬಿಗಿಯುತ್ತ ಏಜಾಜ್ ಅಹಮದರೇ ಸಮಾಧಾನ ಹೇಳಿದರು:

"ಬೇಜಾರ್ ಮಾಡ್ಕೋಬೇಡಿ ಸಾರ್. ಅಲ್ಲಿ ಜನ ಕಮ್ಮಿ ಬಿದ್ರೆ ಒಂದು ಫೋನ್ ಮಾಡಿ. ಟೆಂಪೊ ಇದ್ದೇ ಇದೆ, ಎಲ್ರೂ ಬಂದು ಕೂತ್ಕೋತೀವಿ."

ಸುಗುಣಾಕರ ಅವರ ಎರಡೂ ಕೈ ಹಿಡಿದುಕೊಂಡ.

"ನಿಮ್ಗೆ ಕೈ ಮುಗೀತೀನಿ ಸಾಬ್ರೆ, ಬರ್ಬೇಡಿ. ಅಲ್ಲಾದ್ರೂ ನಾನು ನಾಕು ದಿನ ಇರ್ಬೇಕು."