ಅತ್ತೆಗೊಂದು ಗಾಳಿಮರ

ಕ್ರಿಸ್ಮಸ್‌ನ ಹಿಂದಿನ ದಿನ ಬೆಳಿಗ್ಗೆ, ಮಂಗಳೂರಿನಿಂದ ಬಂದಿದ್ದ ಅತ್ತೆ ಸೆವ್ರಿನ್ ಬಾಯಿ ಹಿತ್ತಲ ಬಾಗಿಲಲ್ಲಿ ನಿಂತು, "ಗಾಳಿಮರ ಇಲ್ಲದೆ ಇದೆಂಥ ಕ್ರಿಸ್ಮಸ್ ಮಾರಾಯ," ಎಂದದ್ದೇ ತಡ, ಹರ್ಮನ್ ಕಾಫಿ ಲೋಟ ಕೆಳಗಿಟ್ಟ. ಇನೇಜ್‌ಳನ್ನು ಮದುವೆಯಾಗಿ ಆರು ವರ್ಷವಾದರೂ ಅವಳ ಅಮ್ಮನ ಬಾಯಿಂದ ಅವನಿಗೆ ಒಂದು 'ಭೇಷ್' ಬಿದ್ದಿರಲಿಲ್ಲ. ಮಂಗಳೂರಿನಲ್ಲಿ ಗಾಳಿಮರದ ಕೊಂಬೆ ನಿಲ್ಲಿಸಿ ನಕ್ಷತ್ರ ಕಟ್ಟಿದರೇ ಕ್ರಿಸ್ಮಸ್. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಈ ಮನೆಯ ಹಾಲ್‌ನಲ್ಲಿ ನಿಂತದ್ದು ಪ್ಲಾಸ್ಟಿಕ್ ಮರ. ಹರ್ಮನ್‌ಗೆ ನಾಚಿಕೆಯಾಯಿತು. ಅದನ್ನೆತ್ತಿ ಪಕ್ಕದ ಮನೆಯ ಯೋಗೀಶನಿಗೆ ಕೊಟ್ಟೇಬಿಟ್ಟ.

ಮೈಸೂರಿನ ಯೋಗೀಶನ ಕೈಯಲ್ಲಿ ಫೋನ್ ಇದ್ದರೆ ಅವನಿಗೆ ಗೊತ್ತಿಲ್ಲದ್ದೇ ಇಲ್ಲ. "ಗಾಳಿಮರಾನ ಇಲ್ಲಿ ಓಕ್ ಅಂತಾರೆ. ಬನ್ನಿ, ತೋರಿಸ್ತೀನಿ," ಎಂದ.

ಮೊದಲು ತೋರಿಸಿದ್ದು ಸಿಲ್ವರ್ ಓಕ್.

"ಊರಲ್ಲಿ ಇದಕ್ಕೆ ಮೆಣಸಿನ ಬಳ್ಳಿ ಹಬ್ಬಿಸ್ತಾರೆ ಮಾರಾಯ್ರೆ," ಎಂದ ಹರ್ಮನ್. "ಅತ್ತೆ ನನ್ನನ್ನೇ ಇದಕ್ಕೆ ಕಟ್ಟಿಯಾರು."

ಆಮೇಲೆ ಪಾರ್ಕಿನ ಅಗಲ ಎಲೆಯ ಭಾರೀ ಮರ. ಯೋಗೀಶ ಫೋನ್ ನೋಡಿ, "ಇದ್ರಲ್ಲಿ ವೈನ್ ಪೀಪಾಯಿ ಮಾಡ್ತಾರಂತೆ. ಆದ್ರೆ ಇಲ್ಲೀದಲ್ಲ, ಇಂಗ್ಲೆಂಡಿಂದ ಬಂದಿದ್ದು. ನಮ್ ಥರಾನೇ, ಇಲ್ಲೇ ಖಾಯಂ ಇರೋಕೆ ಪಿಆರ್ ಸಿಕ್ಕಿದೆ," ಎಂದ. ಬಿಸಿಲಿಗೆ ಇಬ್ಬರ ನೆತ್ತಿಯೂ ಕಾದಿತ್ತು.

ಕೊನೆಗೆ ಹಳ್ಳದ ಪಕ್ಕದ ಮನೆಯಂಗಳದಲ್ಲಿ ಗಾಳಿಗೆ ಸುಯ್‌ಗುಡುವ ಮರವೊಂದು ಕಂಡಿತು. "ಶೀ-ಓಕ್. ಇದು ಇಲ್ಲೀದೇ," ಎಂದ ಯೋಗೀಶ. ಹರ್ಮನ್ ಫೋನನ್ನು ನಂಬಲಿಲ್ಲ. ಸೂಜಿಯಂಥ ಎಲೆಯೊಂದನ್ನು ಗಂಟಿನಲ್ಲಿ ಕಿತ್ತು, ಮತ್ತೆ ಸಿಕ್ಕಿಸಿ ಹಿಡಿದ. "ಎಲ್ಲಿ ತುಂಡಾದದ್ದು, ಹೇಳಿ ನೋಡುವ."

ಯೋಗೀಶನಿಗೆ ತಿಳಿಯಲಿಲ್ಲ.

"ಸಣ್ಣದಿರುವಾಗ ಬೀಚಲ್ಲಿ ನಮ್ಮದು ಇದೇ ಆಟ. ಇದು ಗಾಳಿಮರದ ತಂಗಿಯೇ, ಡೌಟೇ ಇಲ್ಲ."

ಆ ಮನೆಯ ಮುದುಕಿ, ಇಲ್ಲಿನ ಮೂಲನಿವಾಸಿಗಳು ಈ ಮರದಲ್ಲಿ ಬೂಮರಾಂಗ್ ಮಾಡುತ್ತಿದ್ದರೆಂದು ಹೇಳುತ್ತಲೇ ಗರಗಸ ತಂದುಕೊಟ್ಟಳು. ಹರ್ಮನ್ ಆಳೆತ್ತರದ ಕೊಂಬೆಯೊಂದನ್ನು ಹೆಗಲ ಮೇಲೆ ಹೊತ್ತು ತಂದು, ಹಾಲ್‌ನಲ್ಲಿ ಬಕೆಟ್‌ಗೆ ನಿಲ್ಲಿಸಿ, ಲೈಟ್ ಸುತ್ತಿ ನಕ್ಷತ್ರ ಕಟ್ಟಿದ. ಇನ್ನು ಭೇಷ್ ಅನ್ನಿಸಿಕೊಳ್ಳುವುದೊಂದೇ ಬಾಕಿ ಎಂದುಕೊಂಡು ಸ್ನಾನಕ್ಕೆ ಹೋದ.

ಬಂದು ನೋಡಿದರೆ ಬಕೆಟ್ ಖಾಲಿ. ನಕ್ಷತ್ರ ಸೋಫಾ ಮೇಲೆ ಬಿದ್ದಿತ್ತು. ಹಿತ್ತಲಿಂದ ಹೊಗೆ ಬರುತ್ತಿತ್ತು. ಹರ್ಮನ್ ಟವೆಲಿನಲ್ಲೇ ಓಡಿದ.

ಮೂರು ಇಟ್ಟಿಗೆಯ ಮೇಲೆ ದೊಡ್ಡ ಪಾತ್ರೆ; ಪಕ್ಕದಲ್ಲಿ ಕತ್ತಿ ಹಿಡಿದ ಅತ್ತೆ. ಇನೇಜ್ ಬಾಯಿಗೆ ಸೆರಗಿಟ್ಟು ನಗುತ್ತಿದ್ದಳು.

"ಭೇಷ್," ಎಂದರು ಅತ್ತೆ, ಒಲೆಯನ್ನು ನೋಡಿ. "ಉರಿ ಅಂದ್ರೆ ಇದು. ಹಸಿ ಇದ್ದರೂ ಹೇಗೆ ಹಿಡೀತದೆ ನೋಡು. ಗ್ಯಾಸಲ್ಲಿ ಹಂದಿ ಮಾಂಸ ಬೇಯಿಸಿದ್ರೆ ಅದೆಂಥ ಕ್ರಿಸ್ಮಸ್? ಸೌದೆಗೆ ಯಾರಾದ್ರೂ ಲೈಟ್ ಸುತ್ತುತ್ತಾರಾ ಹರ್ಮನ್? ಬಿಡಿಸಿ ಬಿಡಿಸಿ ನನ್ನ ಬೆರಳು ಬಿದ್ದೇ ಹೋಯ್ತು."

ಹರ್ಮನ್ ಜಾರುತ್ತಿದ್ದ ಟವೆಲನ್ನು ಬಿಗಿದುಕೊಂಡ.

"ಅದಿರ್ಲಿ, ಹಾಲ್‌ನಲ್ಲಿತ್ತಲ್ಲ ಪ್ಲಾಸ್ಟಿಕ್ ಮರ, ಅದೆಲ್ಲಿ? ಎಷ್ಟು ಚಂದ ಇತ್ತು. ಅದರ ಎದುರು ನಿಂತು ಫೋಟೋ ತೆಗೆದು ಊರಿಗೆ ಕಳಿಸ್ಬೇಕು."

ಬೇಲಿಯಾಚೆ ಯೋಗೀಶನ ಕಿಟಕಿಯಲ್ಲಿ ಬಣ್ಣದ ಲೈಟ್ ಮಿಣುಕತೊಡಗಿತು.